ಅವಲಂಬಿತರ ಪಟ್ಟಿ

ಆ ಮನೆಯಲ್ಲಿ ಅಡುಗೆ ಮಾಡುವವಳು ಸೊಸೆ, ಪಾತ್ರೆ ತೊಳೆಯುವವಳೂ ಸೊಸೆ. ನಡುವೆ ಬಡಿಸುವ ಕೆಲಸ ಮಾತ್ರ ಅತ್ತೆಯದು. ಮೂವತ್ತೊಂದು ವರ್ಷ ಹುಡುಗರ ಹಾಸ್ಟೆಲ್ಲಿನಲ್ಲಿ ಇನ್ನೂರು ತಟ್ಟೆಗಳಿಗೆ ಒಂದೇ ಅಳತೆಯಲ್ಲಿ ಬಡಿಸಿದ ಕೈ ಅದು. ಗುತ್ತಿಗೆದಾರ ಬದಲಾದಾಗ ಹೊಸಬ ಒಂದು ಸ್ಟೀಲಿನ ಜಗ್ಗು ಕೊಟ್ಟು, ಕೈ ಮುಗಿದು ಮನೆಗೆ ಕಳಿಸಿದ್ದ. ಪಿಂಚಣಿ ಗಿಂಚಣಿ ಇರಲಿಲ್ಲ. ಆದರೆ ಸೌಟು ಹಿಡಿಯುವ ಅಭ್ಯಾಸ ಬಿಡಲಿಲ್ಲ.

ದುಡ್ಡಿನದೂ ಅದೇ ಕಥೆ. ಯಾರು ಏನು ದುಡಿದು ತಂದರೂ ಮೊದಲು ಅತ್ತೆಯ ಅಂಗೈಗೆ ಬೀಳಬೇಕು. ಅಲ್ಲಿಂದ ಬಾಡಿಗೆಗಿಷ್ಟು, ಗ್ಯಾಸಿಗಿಷ್ಟು, ಹಾಲಿಗಿಷ್ಟು ಎಂದು ಇಳಿಯಬೇಕು. ಯಾರು ಏನು ಎಂದರೆ, ದುಡಿಯುತ್ತಿದ್ದದ್ದು ದೊಡ್ಡ ಮಗ ಒಬ್ಬನೇ. ಅವನನ್ನು ಮನೆಯಲ್ಲಿ ದೊಡ್ಡೋನು ಎನ್ನುತ್ತಿದ್ದರು, ತಮ್ಮನನ್ನು ಚಿಕ್ಕೋನು. ದೊಡ್ಡೋನು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಡ್ರಮ್ಮು ನೋಡಿಕೊಳ್ಳುತ್ತಿದ್ದ. ದಿನಕ್ಕೆ ಆರುನೂರು ಹಾಸುಬಟ್ಟೆ, ಕುದಿನೀರು, ಬ್ಲೀಚು. ಅವನ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಒಂದು ಸೋಮವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ತಟ್ಟೆ ನೋಡಿಕೊಂಡೇ ಹೇಳಿದ: "ಬರೋ ತಿಂಗಳಿಂದ ಸಂಬಳದಲ್ಲಿ ಎಂಟು ಸಾವಿರ ಹಿಡ್ಕೋತಾರಂತೆ."

ಸೌಟು ಗಾಳಿಯಲ್ಲೇ ನಿಂತಿತು. "ಯಾರು ಹಿಡ್ಕೊಳ್ಳೋದು?"

"ಕೋರ್ಟು. ಗಾಡಿ ಸಾಲ ಕಟ್ಟಿಲ್ವಲ್ಲ. ನಾನು ಜಾಮೀನು ಹಾಕಿದ್ನಲ್ಲ. ಆಫೀಸಿಗೇ ಕಾಗದ ಬಂದಿದೆ, ಸಂಬಳ ಜಪ್ತಿ ಮಾಡಿ ಅಂತ."

ಯಾರೂ ಚಿಕ್ಕೋನ ಕಡೆ ನೋಡಲಿಲ್ಲ. ಅವನು ಆಲೂಗಡ್ಡೆ ಹಿಚುಕುತ್ತಿದ್ದ. ಮೂರು ವರ್ಷದ ಹಿಂದೆ ಅವನೊಂದು ಹಳೆಯ ಸರಕಿನ ವ್ಯಾನು ಕೊಂಡಿದ್ದ. ಎಂಟು ತಿಂಗಳು ಓಡಿಸಿದ. ಒಂಬತ್ತನೆಯ ತಿಂಗಳು ಇಂಜಿನ್ನು ಕೆಟ್ಟು ನಿಂತಿತು. ಸಾಲ ಕೊಟ್ಟ ಕಂಪನಿಯವರು ವ್ಯಾನನ್ನು ಎಳೆದುಕೊಂಡು ಹೋಗಿ, ಮಾರಿ, ಬಂದದ್ದು ಕಳೆದು ಉಳಿದ ಬಾಕಿಯನ್ನು ಅಣ್ಣನ ಮೇಲೆ ಹೊರಿಸಿದರು. ಜಾಮೀನು ಪತ್ರ ಇದೇ ಊಟದ ಮೇಜಿನ ಮೇಲೆ ಬಂದಿತ್ತು. ದೊಡ್ಡೋನು ಓದಲು ಶುರುಮಾಡಿದಾಗ ಅತ್ತೆ, "ಹಾಕೋ ಸಹಿ, ಊಟ ಆರ್ತಿದೆ," ಎಂದಿದ್ದರು. ಅವನು ಹಾಕಿದ್ದ. ಸಹಿ ಮಾಡುವುದೆಂದರೆ ಅವನಿಗೆ ಕೈ ತೊಳೆದಷ್ಟು ಸಲೀಸು. ಪೂರ್ತಿ ಹೆಸರು ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕಿ ಇಡುತ್ತಿದ್ದ.

"ಇಪ್ಪತ್ನಾಲ್ಕರಲ್ಲಿ ಎಂಟು ಹೋದ್ರೆ ಹದಿನಾರು," ಅತ್ತೆ ಅಂದರು. ಸೌಟು ಮತ್ತೆ ಪಾತ್ರೆಗೆ ಇಳಿಯಿತು. "ಇನ್ನು ಮೇಲೆ ಮೊಟ್ಟೆ ಗಂಡಸರಿಗೆ ಮಾತ್ರ."

"ಚಿಕ್ಕಪ್ಪ ದುಡಿಯಲ್ವಲ್ಲ ಅಜ್ಜಿ," ಎಂದಳು ಪುಟ್ಟಿ. ದೊಡ್ಡೋನು-ಸೊಸೆಯ ಒಬ್ಬಳೇ ಮಗಳು, ಹದಿನಾಲ್ಕರವಳು.

"ಅವನಿಗೆ ಹುಡುಗಿ ನೋಡ್ತಿದ್ದೀವಿ. ಕೆನ್ನೆ ತುಂಬ್ಕೊಂಡಿರ್ಬೇಕು. ನಿಂಗ್ಯಾರು ನೋಡೋಕೆ ಬರ್ತಿದ್ದಾರೆ?"

ಚಿಕ್ಕೋನು ನಕ್ಕ. ಸೊಸೆ ಬ್ರೆಡ್ಡಿನ ಅಂಚನ್ನು ಟೀಯಲ್ಲಿ ಅದ್ದಿ ಬಲಗಡೆಯ ದವಡೆಗೆ ಇಟ್ಟುಕೊಂಡಳು. ಎಡಗಡೆಯ ಎರಡು ದವಡೆಹಲ್ಲು ಒಳಗೊಳಗೇ ಕೊಳೆತು ವರ್ಷವಾಗಿತ್ತು. ರೂಟ್ ಕೆನಾಲು, ಎರಡು ಹಲ್ಲಿಗೂ ಕ್ಯಾಪು, ಒಟ್ಟು ಹದಿನಾಲ್ಕು ಸಾವಿರ ಎಂದಿದ್ದ ಹಲ್ಲಿನ ಡಾಕ್ಟರು. ಬಿಟ್ಟರೆ ಕೀವು ದವಡೆಯ ಮೂಳೆಗೆ ಇಳಿಯುತ್ತದೆ ಎಂದೂ ಹೇಳಿದ್ದ. ಅದರಲ್ಲಿ ಹನ್ನೊಂದು ಸಾವಿರದ ಆರುನೂರು ಅವಳ ಹತ್ತಿರ ಆಗಲೇ ಕೂಡಿತ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅಗ್ಗದ ತರಕಾರಿ ಹುಡುಕುತ್ತೇನೆಂದು ಹೊರಡುತ್ತಿದ್ದ ಅವಳು, ಎರಡು ಬೀದಿಯಾಚೆಯ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟುಗಳ ಕಾಲು ಮಡಚಿ ಹೊಲಿಯುತ್ತಿದ್ದಳು. ತಿಂಗಳಿಗೆ ಹತ್ತಿರಹತ್ತಿರ ಒಂಬೈನೂರು. ಬಸ್ ಚಾರ್ಜು, ಬೇಳೆ, ಮಗಳ ನೋಟುಬುಕ್ಕು ಎಂದು ಅದರಿಂದ ಹರಿದುಹೋಗುತ್ತಿದ್ದದ್ದನ್ನು ಬಿಟ್ಟು ಎರಡು ವರ್ಷದ ಉಳಿತಾಯ ಅದು. ಅಂಗಡಿಯಾಕೆ ಅದನ್ನು ಒಂದು ಲಕೋಟೆಯಲ್ಲಿ ಹಾಕಿ ತನ್ನ ಗಲ್ಲಾದಲ್ಲೇ ಇಟ್ಟುಕೊಂಡಿದ್ದಳು.

ಎರಡು ದಿನ ಬಿಟ್ಟು ದೊಡ್ಡೋನು ಆ ಕೋರ್ಟಿನ ಕಾಗದದ ನಕಲು ತಂದ. ಅವನು ಮುಂಭಾಗ ಓದಿ ಮಡಚಿಟ್ಟ. ಪುಟ್ಟಿ ಅದನ್ನು ತಿರುವಿ ಹಿಂಭಾಗದ ಸಣ್ಣ ಅಕ್ಷರ ಓದಿದಳು.

"ಅಮ್ಮಾ, ಇಲ್ಲಿ ನೋಡು. ತಕರಾರಿದ್ರೆ ಮೂವತ್ತು ದಿನದೊಳಗೆ ಹೇಳ್ಬಹುದಂತೆ. ಸಂಬಳದಲ್ಲಿ ಇಷ್ಟು ಭಾಗ ಮುಟ್ಟೋ ಹಾಗಿಲ್ಲ ಅಂತ ಏನೋ ಇದೆ."

"ಕೋರ್ಟಿನ ಜೊತೆ ತಕರಾರಾ? ಕೆಲಸಕ್ಕೇ ಕುತ್ತು ಬರುತ್ತೆ, ಸುಮ್ನಿರಿ," ಎಂದ ದೊಡ್ಡೋನು.

ಸೊಸೆ ಸುಮ್ಮನಿರಲಿಲ್ಲ. ಎಂಟು ಸಾವಿರ ಹೋದರೆ ಮೊದಲು ಯಾರ ತಟ್ಟೆ ಬರಿದಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಕೋರ್ಟಿನ ಕಟ್ಟಡದ ನೆಲಮಹಡಿಯಲ್ಲಿ, ಶೌಚಾಲಯದ ಪಕ್ಕಕ್ಕೆ, ಉಚಿತ ಕಾನೂನು ಸಲಹೆಯ ಮೇಜಿತ್ತು. ಅಲ್ಲಿದ್ದ ವಕೀಲಮ್ಮನಿಗೆ ಶೀತ. ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದರಲ್ಲಿ ಪೆನ್ನು.

"ಇದೇ ಕಾರಣಕ್ಕೆ ಕೆಲಸದಿಂದ ತೆಗೆಯೋ ಹಾಗಿಲ್ಲ. ಅದನ್ನ ಮೊದಲು ನಿಮ್ಮ ಯಜಮಾನ್ರಿಗೆ ಹೇಳಿ, ನಿದ್ದೆ ಬರ್ಲಿ ಪಾಪ. ಮನೇಲಿ ಅವರ ಸಂಬಳ ನಂಬ್ಕೊಂಡು ಎಷ್ಟು ಜನ?"

"ಅತ್ತೆ, ಮೈದುನ, ನಾನು, ಮಗಳು."

"ನಾಲ್ಕು. ಒಳ್ಳೇದು. ನಾಲ್ಕು ಜನ ಅವಲಂಬಿತರಿದ್ರೆ ಹನ್ನೆರಡನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿಯೋ ಹಾಗಿಲ್ಲ. ಅಂದ್ರೆ ಎರಡು ಸಾವಿರ. ಮೂರೇ ಜನ ಆದ್ರೆ ಈ ರಿಯಾಯಿತಿ ಇಲ್ಲ, ಎಂಟು ಎಂಟೇ."

"ನಾಲ್ಕು ಜನ ಇದೀವಿ."

"ಇದ್ರೆ ಸಾಲದು, ಬರ್ಕೊಡಬೇಕು. ದೊಡ್ಡೋರೆಲ್ಲಾ ಒಬ್ಬೊಬ್ರೂ ಈ ಫಾರಮ್ಮಿನಲ್ಲಿ 'ನಾನು ಇವರ ಅವಲಂಬಿತ' ಅಂತ ಸಹಿ ಹಾಕ್ಬೇಕು. ಬೇರೆ ಆದಾಯ ಇದ್ರೆ ಅದನ್ನೂ ಬರೀಬೇಕು."

ಸೊಸೆ ಫಾರಮ್ಮನ್ನು ತನ್ನ ಕಡೆ ಎಳೆದುಕೊಂಡಳು. "ಸ್ವಲ್ಪ ಆದಾಯ ಇದ್ರೆ?"

"ತಿಂಗಳಿಗೆ ಸಾವಿರದೈನೂರರ ಒಳಗಾದ್ರೆ ತೊಂದ್ರೆ ಇಲ್ಲ, ಅವಲಂಬಿತರೇ. ಮುಚ್ಚಿಟ್ರೆ ಮಾತ್ರ ತೊಂದ್ರೆ. ಸಾಲದ ಕಂಪನಿಯವರು ಬೀದೀಲಿ ಬಂದು ವಿಚಾರಿಸ್ತಾರೆ, ಅಂಗಡಿ ಅಂಗಡಿ ಕೇಳ್ತಾರೆ. ಒಂದು ಸುಳ್ಳು ಸಿಕ್ರೆ ಇಡೀ ಅರ್ಜಿ ಕಸದ ಬುಟ್ಟಿಗೆ." ವಕೀಲಮ್ಮ ಸೀನಿದಳು. "ನಿಜ ಬರೆದೋರಿಗೆ ಕಾನೂನು ಏನೂ ಮಾಡಲ್ಲ."

ಕಾನೂನು ಮಾಡುವುದಿಲ್ಲ ಎಂಬುದರಲ್ಲಿ ಸೊಸೆಗೆ ಅನುಮಾನವಿರಲಿಲ್ಲ.

ಮರುದಿನ ಸಂಬಳದ ಪ್ರಮಾಣಪತ್ರಕ್ಕೆ ಅವಳು ಲಾಂಡ್ರಿಗೆ ಹೋದಳು. ಹಬೆಯಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಒದ್ದೆ ಹಾಸುಬಟ್ಟೆಗಳನ್ನು ಹೊತ್ತ ಕಬ್ಬಿಣದ ಗಾಡಿಗಳು ಕಿರುಗುಟ್ಟುತ್ತ ಓಡಾಡುತ್ತಿದ್ದವು.

"ಲೋ ಮೂರನೇಪಾಲು, ನಿಮ್ಮನೆಯವ್ರು ಬಂದಿದ್ದಾರೆ ನೋಡೋ!" ಎಂದು ಯಾರೋ ಕೂಗಿದರು. ಸಂಬಳದ ಮೂರನೆಯ ಒಂದು ಪಾಲು ಹೋಗುವವನಿಗೆ ಲಾಂಡ್ರಿಯವರು ಒಂದೇ ವಾರದಲ್ಲಿ ಹೆಸರಿಟ್ಟಿದ್ದರು. ಇನ್ನೊಬ್ಬ, "ಅವರನ್ನೂ ಮೂರನೇ ಒಂದು ಭಾಗ ಹಿಡ್ಕೊಂಡು ಹೋಗ್ತಾರೇನೋ, ಹುಷಾರು," ಎಂದ. ದೊಡ್ಡೋನೂ ಎಲ್ಲರ ಜೊತೆ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ಅಂದು ಊಟವಾದ ಮೇಲೆ ಅವಳು ಫಾರಮ್ಮನ್ನು ಮೇಜಿನ ಮೇಲಿಟ್ಟಳು. ಪುಟ್ಟಿ ಗಟ್ಟಿಯಾಗಿ ಓದಿದಳು.

"ಅವಲಂಬಿತರು ಅಂದ್ರೆ?" ಅತ್ತೆ ಕೇಳಿದರು.

"ಅಪ್ಪನ ಸಂಬಳದ ಮೇಲೆ ಬದುಕೋರು ಅಜ್ಜಿ."

"ಅಂದ್ರೆ ನಾನು ಮಗನ ಅನ್ನಕ್ಕೆ ಬಿದ್ದಿದೀನಿ ಅಂತ ಬರ್ಕೊಡ್ಬೇಕು! ಇನ್ನೂರು ಹೊಟ್ಟೆ ತುಂಬಿಸಿದ ಕೈಯಲ್ಲಿ!"

"ಕೋರ್ಟಿಗೆ ತೋರ್ಸೋಕೆ ಅಷ್ಟೇ ಅಮ್ಮ," ಎಂದ ದೊಡ್ಡೋನು.

"ಕೋರ್ಟಿಗೆ ತೋರಿಸಿದ್ದು ಬೀದಿಗೆ ಕಾಣಲ್ವಾ? ಬೇಕಿದ್ರೆ ಹೀಗೆ ಬರೀಲಿ: ಮನೆ ಯಜಮಾನಿ ನಾನು, ಇವರೆಲ್ಲಾ ನನ್ನ ಅವಲಂಬಿತರು. ಆಗ ಹಾಕ್ತೀನಿ ಸಹಿ."

"ಸಂಬಳ ನಿಮ್ಮದಲ್ವಲ್ಲ ಅತ್ತೆ," ಎಂದಳು ಸೊಸೆ.

"ಮತ್ಯಾರದ್ದು?"

ಸಂಬಳ ತರುವವನು ಉಗುರು ನೋಡಿಕೊಳ್ಳುತ್ತಿದ್ದ.

"ನಾನಂತೂ ಹಾಕಲ್ಲ," ಎಂದ ಚಿಕ್ಕೋನು. "ಹುಡುಗಿ ಮನೆಯವರಿಗೆ ಸ್ವಂತ ವ್ಯವಹಾರ ಅಂತ ಹೇಳಿದೀವಿ."

"ಯಾವ ವ್ಯವಹಾರ?"

"ವ್ಯವಹಾರ ಇಲ್ದೇ ಇದ್ರೆ ಇಷ್ಟು ದೊಡ್ಡ ಸಾಲ ಎಲ್ಲಿಂದ ಬರ್ತಿತ್ತು ಅತ್ತಿಗೆ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ಫಾರಮ್ಮು ಮೇಜಿನಿಂದ ಕಪಾಟಿನ ಮೇಲಕ್ಕೆ ಹೋಯಿತು. ಮೂರು ವಾರ ಅಲ್ಲೇ ಉಳಿಯಿತು.

ತಿಂಗಳ ಮೊದಲ ದಿನ ದೊಡ್ಡೋನು ಹದಿನಾರು ಸಾವಿರ ತಂದು ತಾಯಿಯ ಅಂಗೈಗೆ ಹಾಕಿದ. ಅತ್ತೆ ಎರಡು ಸಲ ಎಣಿಸಿದರು. ಹೊರಗಿನ ಕಾಗದಕ್ಕೆ ಸೊಪ್ಪು ಹಾಕದವರು ಕೈಯಲ್ಲಿನ ಹಗುರಕ್ಕೆ ಬೆಚ್ಚಿದರು. ಬಾಡಿಗೆಗೆ ಏಳು ತೆಗೆದಿಟ್ಟು, ಉಳಿದ ಒಂಬತ್ತನ್ನು ಇನ್ನೊಂದು ಸಲ ಎಣಿಸಿದರು. ಆಮೇಲೆ ಕತ್ತರಿ ಆಡತೊಡಗಿತು. ಹಾಲು ಅರ್ಧ. ಪುಟ್ಟಿಯ ಬಸ್ ಪಾಸು ಬಂದ್. ನಾಲ್ಕು ಮೈಲಿ ನಡೆಯಲಿ, ಕಾಲು ಗಟ್ಟಿಯಾಗುತ್ತೆ. ಸೊಸೆಗೆ ಬೆಳಗಿನ ಟೀ ಇಲ್ಲ. ಟೀ ಇಲ್ಲದೆ ಬ್ರೆಡ್ಡು ಅವಳಿಗೆ ಗಂಟಲಿಗಿಳಿಯುತ್ತಿರಲಿಲ್ಲ. ಅಗಿದರೆ ನೋವು ಕಿವಿಯವರೆಗೂ ಸಿಡಿಯುತ್ತಿತ್ತು. ಅವಳು ಒಣ ಬ್ರೆಡ್ಡನ್ನು ನಲ್ಲಿ ನೀರಿನಲ್ಲಿ ನೆನೆಸಿ ತಿಂದಳು.

"ಥೂ, ನೋಡೋಕೇ ಆಗಲ್ಲ, ನಾಯಿ ತಿಂದ ಹಾಗೆ ತಿಂತೀಯ," ಎಂದರು ಅತ್ತೆ. "ಆ ಕಡೆ ತಿರುಗ್ಕೊಂಡು ತಿನ್ನು."

ಮೂರನೆಯ ವಾರ ಕತ್ತರಿ ಚಿಕ್ಕೋನ ಕ್ಷೌರದಂಗಡಿಯ ದುಡ್ಡಿಗೂ ಬಂತು. ಅವನು ಎರಡು ದಿನ ಕನ್ನಡಿಯ ಮುಂದೆ ನಿಂತು ಕಿವಿ ಮೇಲಿನ ಕೂದಲು ಎಳೆದು ನೋಡಿದ. ಮೂರನೆಯ ದಿನ, "ಅಮ್ಮಾ, ಆ ಕಾಗದ ಎಲ್ಲಿ?" ಎಂದ.

"ತಗೊಂಬಾ," ಅತ್ತೆ ಸೊಸೆಗೆ ಹೇಳಿದರು. ಮೂವತ್ತು ದಿನದ ಗಡುವಿನಲ್ಲಿ ಇಪ್ಪತ್ತಾರನೆಯ ದಿನ ಅದು.

ಅತ್ತೆ ಕನ್ನಡಕ ಹಾಕಿಕೊಂಡು, ಇತರ ಆದಾಯ ಎಂಬಲ್ಲಿ 'ಇಲ್ಲ' ಎಂದು ಬರೆದು, ಪೆನ್ನು ಮುರಿಯುವಂತೆ ಒತ್ತಿ ಸಹಿ ಹಾಕಿದರು. ಚಿಕ್ಕೋನೂ 'ಇಲ್ಲ' ಎಂದು ಬರೆದ. ಅವನು ಬರೆದ ನಿಜಗಳಲ್ಲಿ ಅದೇ ಮೊದಲನೆಯದಿರಬೇಕು. ಸೊಸೆ ಕಾಗದ ಮಡಚಲು ಹೋದಳು.

"ನಿಂದು?"

"ನಾಳೆ ಅಲ್ಲೇ ವಕೀಲಮ್ಮನ ಎದುರಿಗೆ ಬರೀತೀನಿ ಅತ್ತೆ."

"ನಾನು ನಿನ್ನೆದುರಿಗೆ ಬರೀಲಿಲ್ವಾ? ನಿಂದೇನು ಮರ್ಯಾದೆ ದೊಡ್ಡದು? ಇಲ್ಲೇ ಬರಿ."

ಅಂಗಡಿ ಅಂಗಡಿ ಕೇಳ್ತಾರೆ ಎಂದಿದ್ದಳು ವಕೀಲಮ್ಮ. ಅಂಗಡಿ ಇರುವುದು ಎರಡೇ ಬೀದಿಯಾಚೆ. ಸೊಸೆ ಪೆನ್ನು ತೆಗೆದುಕೊಂಡು ಬರೆದಳು: ಬಟ್ಟೆ ಹೊಲಿಗೆ, ತಿಂಗಳಿಗೆ ಒಂಬೈನೂರು.

ಅತ್ತೆ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಚಿಕ್ಕೋನು ಭುಜದ ಮೇಲಿಂದ ಬಗ್ಗಿ ನೋಡಿ ಸಿಳ್ಳೆ ಹಾಕಿದ. "ಅಬ್ಬಬ್ಬಾ ಅತ್ತಿಗೆ!"

"ಎಷ್ಟು ದಿನದಿಂದ?"

"ಎರಡು ವರ್ಷ."

"ಯಾವ ಅಂಗಡಿ?"

ಹೇಳಿದಳು.

"ದುಡ್ಡೆಲ್ಲಿ?"

"ಅಂಗಡಿಯಾಕೆ ಹತ್ರಾನೇ ಇದೆ. ಹಲ್ಲಿಗೆ ಅಂತ ಅತ್ತೆ. ಇನ್ನೊಂದೆರಡು ಸಾವಿರ ಆದ್ರೆ..."

ದೊಡ್ಡೋನು ತಾಯಿಯ ಮುಖ ನೋಡುತ್ತಿದ್ದ, ಪುಟ್ಟಿ ಅಮ್ಮನ ಮುಖ. ಅತ್ತೆ ಕನ್ನಡಕ ತೆಗೆದು, ಒರೆಸಿ, ಪೆಟ್ಟಿಗೆಗೆ ಹಾಕಿದರು. ಕಾಗದವನ್ನು ಅವರೇ ನಾಲ್ಕು ಮಡಿಕೆ ಮಾಡಿದರು.

"ಬೆಳಿಗ್ಗೆ ಬೇಗ ಹೋಗಿ ಕೊಟ್ಟು ಬಾ. ದಿನ ಮುಗೀತಾ ಬಂತು."

ಅಷ್ಟೇ. ಬೈಗುಳವಿಲ್ಲ, ಸೌಟು ಬಡಿಯಲಿಲ್ಲ. ಮರುದಿನ ಬೆಳಿಗ್ಗೆ ಸೊಸೆಯ ಮುಂದೆ ಒಂದು ಲೋಟ ಟೀ ಇತ್ತು.

"ನನಗೊಂದು ಮಾತು ಹೇಳಬಾರದಿತ್ತಾ? ನಾನೇನು ಬೇಡ ಅಂತಿದ್ನಾ?" ದೊಡ್ಡೋನು ಬಟ್ಟೆ ಒಣಹಾಕುತ್ತಿದ್ದ ಅವಳ ಹಿಂದೆ ನಿಂತು ಕೇಳಿದ.

"ಬೇಡ ಅಂತಿರ್ಲಿಲ್ಲ. ಅತ್ತೆಗೆ ಹೇಳ್ತಿದ್ರಿ."

ಅವನು ಒಂದು ಕ್ಲಿಪ್ಪನ್ನು ಹಿಡಿದು ತೆರೆದು ಮುಚ್ಚಿ ಮಾಡಿದ. ಎರಡು ದಿನ ಬಿಟ್ಟು ಬಂದು, "ಅಮ್ಮನ ಹತ್ರ ಮಾತಾಡಿದೀನಿ. ಹೆದರ್ಬೇಡ, ಹಲ್ಲು ಮಾಡಿಸ್ಕೊಳ್ಳಲಿ ಅಂದ್ರು," ಎಂದ. ಮದುವೆಯಾದ ಹದಿನಾರು ವರ್ಷದಲ್ಲಿ ಅವನು ಅವಳ ಪರವಾಗಿ ಮಾತಾಡಿದ್ದೇನೆ ಎಂದದ್ದು ಅದೇ ಮೊದಲು. ಅವಳು ನಂಬಿದಳು. ಉಳಿದ ದುಡ್ಡನ್ನು ಎರಡು ಕಂತಿನಲ್ಲಿ ಕೊಡುವೆನೆಂದು ಹಲ್ಲಿನ ಡಾಕ್ಟರನ್ನು ಒಪ್ಪಿಸಿ, ಬರುವ ಶನಿವಾರಕ್ಕೆ ದಿನ ಗೊತ್ತುಮಾಡಿಕೊಂಡು ಬಂದಳು.

ಅರ್ಜಿಯ ವಿಚಾರಣೆ ಅದೇ ಬುಧವಾರ ನಡೆಯಿತು. ಚಿಕ್ಕ ಕೋಣೆ, ಮೇಜಿನ ಆಚೆ ಅಧಿಕಾರಿ, ಗೋಡೆಗೊರಗಿ ಕಂಪನಿಯ ಮನುಷ್ಯ.

"ನಿಮಗೆ ಬೇರೆ ಆದಾಯ ಏನಾದ್ರೂ ಇದೆಯಾ ಅಮ್ಮ?" ಅಧಿಕಾರಿ ಕೇಳಿದ.

ಅತ್ತೆ ಬೆನ್ನು ಬಗ್ಗಿಸಿದರು. "ಎಲ್ಲಿಂದ ಬರ್ಬೇಕು ಸ್ವಾಮಿ? ಮಗ ಹಾಕಿದ ತುತ್ತು ತಿಂದ್ಕೊಂಡು ಮೂಲೇಲಿ ಬಿದ್ದಿರೋ ಮುದುಕಿ ನಾನು." ಕರ್ಚೀಫು ಕಣ್ಣಿಗೆ ಹೋಯಿತು. ಚಿಕ್ಕೋನು ಬೇರೆ ಕಡೆ ತಿರುಗಿ ಕೆಮ್ಮಿದ.

ಅಧಿಕಾರಿ ಸೊಸೆಯ ಕಡೆ ತಿರುಗಿದ. "ನೀವು ಒಂಬೈನೂರು ಬರೆದಿದ್ದೀರಿ. ಯಾರ ಕೈಗೆ ಹೋಗುತ್ತೆ ಅದು?"

"ನನ್ನ ಕೈಗೇ," ಎಂದಳು ಸೊಸೆ.

"ಏನು ಮಾಡ್ತೀರಿ?"

"ಹಲ್ಲಿಗೆ ಕೂಡಿಡ್ತಿದೀನಿ."

ಕಂಪನಿಯ ಮನುಷ್ಯ ಮೂಗಿನಲ್ಲಿ ನಕ್ಕ. ಅಧಿಕಾರಿ ಏನೋ ಬರೆದ. "ಇದು ಲೆಕ್ಕಕ್ಕೆ ಬರೋ ಆದಾಯ ಅಲ್ಲ ಬಿಡಿ. ಅವಲಂಬಿತರು ನಾಲ್ಕು. ಕಡಿತ ಎರಡು ಸಾವಿರ. ಮೊದಲ ತಿಂಗಳು ಹೆಚ್ಚಿಗೆ ಹಿಡಿದಿದ್ದನ್ನ ವಾಪಸ್ ಕೊಡ್ತಾರೆ."

ಮೆಟ್ಟಿಲಿಳಿಯುವಾಗ ಅತ್ತೆ ಯಾರ ಕೈಯನ್ನೂ ಹಿಡಿಯದೆ ಸರಸರ ಇಳಿದರು.

ಶನಿವಾರ ಮಧ್ಯಾಹ್ನ ಸೊಸೆ ಅಂಗಡಿಗೆ ಹೋದಾಗ ಅಂಗಡಿಯಾಕೆ ಒಂದು ಕೋಟಿನ ಕಾಲರಿಗೆ ಚೀಟಿ ಪಿನ್ನು ಮಾಡುತ್ತಿದ್ದಳು.

"ಅಕ್ಕಾ, ಆ ಲಕೋಟೆ ಕೊಡ್ತೀರಾ? ಮೂರು ಗಂಟೆಗೆ ಡಾಕ್ಟರು ಬರೋಕೆ ಹೇಳಿದಾರೆ."

ಅಂಗಡಿಯಾಕೆಯ ಕೈ ನಿಂತಿತು. "ನೀನೇ ಕಳಿಸಿದ್ದಲ್ವಾ?"

"ಯಾರನ್ನ?"

"ನಿನ್ನೆ ನಿಮ್ಮತ್ತೆ ಬಂದಿದ್ರಲ್ಲೇ. ನಿಮ್ಮ ಯಜಮಾನ್ರೂ ಜೊತೇಲಿದ್ರು. ನಿಂಗೆ ಜ್ವರ, ಹಲ್ಲಿನ ಡಾಕ್ಟರಿಗೆ ಕಟ್ಬೇಕು, ನೀನೇ ಹೇಳಿ ಕಳಿಸಿದ್ದು ಅಂದ್ರು. ಗಂಡ, ಅತ್ತೆ ಇಬ್ರೂ ಎದುರಿಗೆ ಬಂದು ನಿಂತ್ರೆ ನಾನೇನು ಇಲ್ಲ ಅನ್ಲಾ? ಚೀಟಿ ಬರೆಸ್ಕೊಂಡೇ ಕೊಟ್ಟೆ."

ಗಲ್ಲಾದಿಂದ ಚೀಟಿ ತೆಗೆದು ಕೊಟ್ಟಳು. ಹನ್ನೊಂದು ಸಾವಿರದ ಆರುನೂರು ಮುಟ್ಟಿದೆ. ಇನ್ನು ಮುಂದೆ ನನ್ನ ಹೆಂಡತಿಯ ಕೂಲಿಯನ್ನು ನನ್ನ ತಾಯಿಯವರ ಕೈಗೇ ಕೊಡತಕ್ಕದ್ದು. ಪೂರ್ತಿ ಹೆಸರು, ಗೆರೆ, ಎರಡು ಚುಕ್ಕಿ.

"ಪೂರ್ತಿ ಕೂಲೀನಾ?" ಎಂದು ಕೇಳಿದಳು ಸೊಸೆ.

"ಪೂರ್ತಿ ಅಂದ್ರು. ಪ್ರತಿ ಶನಿವಾರ ಬರ್ತಾರಂತೆ." ಅಂಗಡಿಯಾಕೆ ಪಿನ್ನುಗಳನ್ನು ಪಕ್ಕಕ್ಕಿಟ್ಟಳು. "ಕೂತ್ಕೋ ಸ್ವಲ್ಪ. ನೀರು ಕುಡಿ."

ಸೊಸೆ ಕೂರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆಯೇ ಹಾದು ಮನೆಗೆ ಬಂದಳು. ಬಾಗಿಲಲ್ಲಿ ಇಬ್ಬರು ಕೂಲಿಗಳು ಒಂದು ಸೋಫಾವನ್ನು ಓರೆ ಮಾಡಿ ಒಳಗೆ ತೂರಿಸುತ್ತಿದ್ದರು. ಕಂದು ಬಣ್ಣ, ಮೇಲೆ ದಪ್ಪ ಪ್ಲಾಸ್ಟಿಕ್ಕು. "ಆ ಕಡೆ, ಆ ಕಡೆ, ಗೋಡೆಗೆ ತಾಗಿಸ್ಬೇಡ್ರೋ," ಎಂದು ಚಿಕ್ಕೋನು ಕೈ ಬೀಸುತ್ತಿದ್ದ. ದೊಡ್ಡೋನು ಹೆಂಡತಿಯನ್ನು ನೋಡಿ ಸೋಫಾದ ಒಂದು ಕಾಲು ಹಿಡಿಯಲು ಹೋದ.

"ನೀವೂ ಹೋಗಿದ್ರಾ?"

"ಅಮ್ಮ ಒಬ್ರೇ ಹೋದ್ರೆ ಆಕೆ ಕೊಡಲ್ಲ ಅಂತ..."

"ಹಲ್ಲು?"

"ಕೀಳ್ಸೋದಾದ್ರೆ ಆಸ್ಪತ್ರೇಲಿ ಪುಕ್ಕಟೆ. ನಾನು ಹೇಳಿ ಕ್ಯೂ ಇಲ್ದೇ ಒಳಗೆ ಕಳಿಸ್ತೀನಿ," ಎಂದ ಅವನು. ಅದನ್ನು ಹೇಳುವಾಗ ಅವನ ದನಿಯಲ್ಲಿ ಉಪಕಾರ ಮಾಡುವವನ ಮೃದುತ್ವವಿತ್ತು.

"ಅವಳ ಹತ್ರ ಏನು ಗುಸುಗುಸು? ಜೋರಾಗೇ ಹೇಳು." ಅತ್ತೆ ಸೋಫಾದ ಮೇಲೆ ಕೂತು ನೋಡಿ, ಎದ್ದು, ಮತ್ತೆ ಕೂತರು. "ನಾಳೆ ಹುಡುಗಿ ಮನೆಯವರು ಬರ್ತಾರೆ. ನೆಲದ ಮೇಲೆ ಕೂರಿಸ್ಲಾ? ಮೂವತ್ತೆಂಟಾಯ್ತು ನಿಂಗೆ, ನಿನ್ನ ಹಲ್ಲು ಯಾರು ನೋಡ್ಬೇಕು? ಸೋಫಾ ಆದ್ರೆ ಬಂದೋರೆಲ್ಲಾ ನೋಡ್ತಾರೆ."

"ಅದು ನಾನು ದುಡಿದಿದ್ದು ಅತ್ತೆ."

"ಎರಡು ವರ್ಷ ನನ್ನ ಸೌಟಿನಿಂದ ತಿಂದು ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲ, ಅದಕ್ಕೇನು ಹೇಳ್ತೀಯ? ಅವನ ಸಂಬಳ ಹಿಡಿಯೋಕೆ ಕೋರ್ಟಿದೆ. ನಿಂದು ಹಿಡಿಯೋಕೆ ನಾನಿದೀನಿ."

"ಕೋರ್ಟು ಪೂರ್ತಿ ಹಿಡಿಯಲ್ಲ."

"ಇದು ಕೋರ್ಟಲ್ಲ, ಮನೆ. ಒಳಗೆ ಹೋಗಿ ಕೂಲಿಯವರಿಗೆ ಟೀ ಮಾಡು."

ಭಾನುವಾರ ಹುಡುಗಿಯ ಅಪ್ಪ ಅಮ್ಮ ಬಂದು ಸೋಫಾದ ಮೇಲೆ ಕೂತರು. ಸೊಸೆಯ ಎಡಗೆನ್ನೆ ಬೆಳಿಗ್ಗೆಯೇ ಊದಿತ್ತು. "ಈ ಮುಖ ಹೊತ್ಕೊಂಡು ಹೊರಗೆ ಬರ್ಬೇಡ," ಎಂದು ಅತ್ತೆ ಪುಟ್ಟಿಯ ಕೈಯಲ್ಲಿ ತಟ್ಟೆ ಕೊಟ್ಟು ಕಳಿಸಿದರು. ಸೊಸೆ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಹುಡುಗಿಯ ಅಪ್ಪ ಪ್ಲಾಸ್ಟಿಕ್ಕು ಕರಕರ ಅನ್ನಿಸುತ್ತ, "ಎಲ್ಲಾ ಅಚ್ಚುಕಟ್ಟಾಗಿದೆ," ಎಂದ. ಮದುವೆಗೆ ದಿನ ನೋಡುವ ಮಾತಾಯಿತು.

ಸೋಮವಾರ ಅವಳು ಕೋರ್ಟಿನ ನೆಲಮಹಡಿಗೆ ಹೋದಳು. ವಕೀಲಮ್ಮನ ಶೀತ ಇಳಿದಿತ್ತು.

"ಮತ್ತೇನಮ್ಮ? ಆದೇಶ ಆಯ್ತಲ್ಲ. ಅಯ್ಯೋ, ಕೆನ್ನೆ ಏನಾಗಿದೆ?"

ಸೊಸೆ ನಡೆದದ್ದನ್ನು ಹೇಳಿದಳು. ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

"ಅವರ ಮೇಲೆ ದಾವೆ ಹಾಕ್ಬಹುದು," ಎಂದಳು ವಕೀಲಮ್ಮ. "ನಿಮ್ಮ ಕೂಲಿ ನಿಮ್ಮದು. ಗಂಡ ಆಗ್ಲಿ, ಅತ್ತೆ ಆಗ್ಲಿ, ಕಿತ್ಕೊಳ್ಳೋ ಹಾಗಿಲ್ಲ. ಚೀಟಿ ಬೇರೆ ಇದೆ. ಆದ್ರೆ ಒಂದೂವರೆ ವರ್ಷ ಆಗುತ್ತೆ."

"ಒಂದೂವರೆ ವರ್ಷ." ಸೊಸೆ ಬಾಯಿ ಪೂರ್ತಿ ತೆರೆಯದೆಯೇ ಮಾತಾಡುತ್ತಿದ್ದಳು. "ಆ ಪಟ್ಟೀಲಿರೋ ನನ್ನ ಹೆಸರು ತೆಗೆಸೋಕೆ ಎಷ್ಟು ದಿನ?"

ವಕೀಲಮ್ಮ ಪೆನ್ನು ಕೆಳಗಿಟ್ಟಳು. "ತೆಗೆಸೋದಾ? ಯಾಕೆ?"

"ಎಷ್ಟು ದಿನ?"

"ನಿಮಗೆ ದುಡಿಮೆ ಇದೆ. ನಾನು ಅವಲಂಬಿತೆ ಅಲ್ಲ ಅಂತ ನೀವಾಗೇ ಬರ್ಕೊಟ್ರೆ ಬೇಡ ಅನ್ನೋರಿಲ್ಲ. ಇವತ್ತೇ ಆಗುತ್ತೆ. ಆದ್ರೆ ಉಳಿಯೋದು ಮೂರು ಜನ. ಮತ್ತೆ ಎಂಟು ಸಾವಿರ ಹಿಡೀತಾರೆ, ಸಾಲ ತೀರೋವರೆಗೂ. ಈ ರಿಯಾಯಿತಿಗೆ ಎರಡನೇ ಸಲ ಅರ್ಜಿ ಹಾಕೋಕೆ ಬರಲ್ಲ. ಅರ್ಥ ಆಯ್ತಾ?"

"ಆಯ್ತು."

"ಅದೇ ಮನೇಲಿ ನೀವೂ ಇರೋದು. ನಿಮ್ಮ ಮಗಳೂ ಉಣ್ಣೋದು ಅಲ್ಲೇ."

ಸೊಸೆ ಮೇಜಿನ ಅಂಚು ನೋಡಿದಳು. ಆ ದಿನ ಬೆಳಿಗ್ಗೆ ಪುಟ್ಟಿ ಶೂ ಲೇಸು ಕಟ್ಟಿಕೊಳ್ಳಲು ಸೋಫಾದ ತುದಿಯಲ್ಲಿ ಕೂತಿದ್ದಳು. ಅಜ್ಜಿ ಅವಳ ತೋಳು ಹಿಡಿದು ಎಬ್ಬಿಸಿ, ಅವಳು ಕೂತ ಜಾಗವನ್ನು ಬಟ್ಟೆಯಿಂದ ಒರೆಸಿದ್ದರು. ಹೊರಗೆ ಯಾರೋ ಯಾರದೋ ಹೆಸರು ಕೂಗಿದರು.

"ಪೆನ್ನು ಕೊಡಿ," ಎಂದಳು ಸೊಸೆ.

ಕಾಗದ ಲಾಂಡ್ರಿಯ ಕಚೇರಿ ಮುಟ್ಟಲು ಮೂರು ದಿನ, ಬರುವ ಸಂಬಳದಿಂದಲೇ ಎಂಟು ಸಾವಿರ ಹಿಡಿಯುತ್ತಾರೆಂದು ವಕೀಲಮ್ಮ ಹೇಳಿದಳು.

ಆ ಸಂಜೆ ಅತ್ತೆಯ ಸೌಟು ಧಾರಾಳವಾಗಿತ್ತು. ಹೆಚ್ಚಿಗೆ ಹಿಡಿದ ಆರು ಸಾವಿರ ಅಂದೇ ವಾಪಸು ಬಂದಿತ್ತು. ಚಿಕ್ಕೋನು ಮದುವೆಗೆ ಎಂಥ ಕೋಟು ಹೊಲಿಸಬೇಕೆಂದು ಹೇಳುತ್ತಿದ್ದ. ದೊಡ್ಡೋನು ಹೆಂಡತಿಯ ಕಡೆ ಒಮ್ಮೆ, ತಾಯಿಯ ಕಡೆ ಒಮ್ಮೆ ನೋಡಿ, ಮನೆಯಲ್ಲಿ ಗಲಾಟೆಯಿಲ್ಲದ್ದಕ್ಕೆ ನಿರಾಳವಾಗಿ ಉಣ್ಣುತ್ತಿದ್ದ.

"ಅಜ್ಜಿ, ಸ್ಕೂಲಲ್ಲಿ ಪರೀಕ್ಷೆ ಫೀಸು ಕೇಳ್ತಿದಾರೆ," ಎಂದಳು ಪುಟ್ಟಿ. "ಕೊನೇ ದಿನ ಮುಂದಿನ ತಿಂಗಳು ಐದನೇ ತಾರೀಕು."

"ಮುಂದಿನ ತಿಂಗಳು ಸಂಬಳ ಬಂದಾಗ ಕೊಟ್ರಾಯ್ತು. ಈಗೇನು, ದುಡ್ಡಿಗೆ ಬರವಿಲ್ಲ."

"ಈಗ್ಲೇ ಕೊಟ್ಬಿಡಿ ಅತ್ತೆ," ಎಂದಳು ಸೊಸೆ.

ಶನಿವಾರದಿಂದೀಚೆಗೆ ಅವಳು ಮನೆಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ಎಲ್ಲರೂ ತಲೆಯೆತ್ತಿದರು.

"ಏನವಸರ?"

"ಕೈಯಲ್ಲಿದೆಯಲ್ಲ. ವರ್ಷದ್ದೆಲ್ಲಾ ಒಟ್ಟಿಗೆ ಕಟ್ಟಿಬಿಟ್ರೆ ಆಮೇಲೆ ಆ ಯೋಚನೆ ಇರಲ್ಲ."

ಅತ್ತೆ ಅವಳ ಊದಿದ ಕೆನ್ನೆಯನ್ನು ನೋಡಿದರು. ಸೊಸೆ ಕೊನೆಗೂ ಬಗ್ಗಿದಳೆಂದು ಅವರಿಗೆ ಅನ್ನಿಸಿರಬೇಕು. ಬಗ್ಗಿದವರ ಮೇಲೆ ಅವರಿಗೆ ದಯೆ ಬರುತ್ತಿತ್ತು. ಎಡಗೈಯಿಂದ ಚೀಲ ತೆಗೆದು, ನೋಟುಗಳನ್ನು ಎಣಿಸಿ ಪುಟ್ಟಿಯ ಮುಂದಿಟ್ಟರು.

"ತಗೋ. ನಿಮ್ಮಮ್ಮ ಕೇಳಿದ್ಳು ಅಂತ."

"ಬ್ಯಾಗಲ್ಲಿಟ್ಕೋ," ಎಂದಳು ಸೊಸೆ ಮಗಳಿಗೆ. "ನಾಳೆ ಬೆಳಿಗ್ಗೆ ಮೊದಲು ಅದನ್ನ ಕಟ್ಟು. ಮರೀಬೇಡ."